ಕೂಸು ಚಾಲೂ ಆದ ಹೊತ್ತು

ಬೇರೆ ಊರುಗಳಲ್ಲಿ ಜನ ಎಲ್ಲಿ ನೆನಪಿಟ್ಟುಕೊಳ್ಳುತ್ತಾರೆ, ಯಾವುದರಿಂದ ಯೋಚನೆ ಮಾಡುತ್ತಾರೆ ಎಂಬುದು ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಅದೆಲ್ಲ ಹಳೆಯ ಹತ್ತಿ ಗಿರಣಿಯೊಳಗಿನ ಸರ್ವರಿನ ಮೇಲೆ ನಡೆಯುತ್ತದೆ. ಕೂಸು ಹುಟ್ಟಿದಾಗ ಗುರುಪಾದಯ್ಯನವರು ಅದರ ಹೆಸರಿಗೆ ಇಷ್ಟು ಮೆಮೊರಿ, ಒಂದು ಕೋರು ಎಂದು ತೆಗೆದಿಡುತ್ತಾರೆ. ಮೆಮೊರಿಯಲ್ಲಿ ನೆನಪು ನಿಲ್ಲುತ್ತದೆ, ಕೋರು ಸಿಕ್ಕಾಗ ತಲೆ ಓಡುತ್ತದೆ. ಸತ್ತಾಗ ಅದನ್ನು ಅವರೇ ತಿರುಗಿ ತೆಗೆದುಕೊಳ್ಳುತ್ತಾರೆ. ಮನೆಗೆ ನಳ ಇದ್ದ ಹಾಗೆ ಇದೂ ಒಂದು. ನಳದಲ್ಲಿ ನೀರು ಬರುತ್ತಿರುವ ತನಕ ಟಾಕಿಯಲ್ಲಿ ಎಷ್ಟಿದೆ ಎಂದು ಯಾರು ಹತ್ತಿ ನೋಡುತ್ತಾರೆ?

ಗುರುಪಾದಯ್ಯನವರು ಬೇಸಿಗೆಯಲ್ಲೂ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ತಿರುಗುವವರು. ಸರ್ವರಿನ ಕೋಣೆ ಅಷ್ಟು ತಂಪು. ಅವರ ಹತ್ತಿರ ಹೋದ ಯಾರೂ ಇಲ್ಲ ಅನ್ನಿಸಿಕೊಂಡು ಬಂದದ್ದಿಲ್ಲ. ಎರಡನೆಯ ಹೆಂಡತಿ ಬಂದಳೆಂದು ಹೇಳಿದರೆ ಆಕೆಗೊಂದು ಪಾಲು, ಮಗ ಶಾಲೆಯಲ್ಲಿ ಹಿಂದೆ ಬಿದ್ದಿದ್ದಾನೆ ಎಂದರೆ ಅವನಿಗೆ ಇನ್ನಷ್ಟು. ನನಗೂ ಅವರು ಒಂದು ಉಪಕಾರ ಮಾಡಿದ್ದರು. ನಾನು ಯಮನಪ್ಪ, ಕ್ಲಾರ್ನೆಟ್ ಊದುವವನು. ನನ್ನದೊಂದು ಬ್ಯಾಂಡ್ ಕಂಪನಿ ಇತ್ತು. ಡ್ರಮ್ಮಿನ ಕಾಶೀಮ ಮೊದಲುಗೊಂಡು ಎಲ್ಲರೂ ಒಂದೇ ಹೊತ್ತಿಗೆ ಹಿಡಿದು ಒಂದೇ ಹೊತ್ತಿಗೆ ಬಿಡಬೇಕೆಂಬುದು ನನ್ನ ಹಟ. ಅದನ್ನು ಹೇಳಿಕೊಂಡಾಗ ಗುರುಪಾದಯ್ಯನವರು ನಮ್ಮೆಲ್ಲರ ಕೋರುಗಳನ್ನು ಒಂದಕ್ಕೊಂದು ಗಂಟು ಹಾಕಿಕೊಟ್ಟರು. ಅಂದಿನಿಂದ ನಮ್ಮ ಬ್ಯಾಂಡು ಹೊರಟರೆ ಒಬ್ಬನೇ ಮನುಷ್ಯ ಹತ್ತು ಬಾಯಿಂದ ಊದಿದ ಹಾಗೆ ಕೇಳುತ್ತಿತ್ತು. ಸುತ್ತಲಿನ ಊರವರೂ ಮದುವೆಗೆ ನಮ್ಮನ್ನೇ ಹೇಳುತ್ತಿದ್ದರು.

ಹಿನ್ನೀರಿನಲ್ಲಿ ಮುಳುಗಿದ ಊರಿನವರು ಬಂದದ್ದು ಆಮೇಲೆ. ಗಂಟು, ಕೋಳಿಪಂಜರ ಹೊತ್ತು, ದನ ಹೊಡೆದುಕೊಂಡು ಬಂದು ಗಿರಣಿಯ ಹಿಂದಿನ ಬಯಲಿನಲ್ಲಿ ತಗಡಿನ ಮನೆ ಕಟ್ಟಿಕೊಂಡರು. ನಾವು ಅದನ್ನು ಹೊಸ ಓಣಿ ಎಂದೆವು. ತಲೆ ಓಡಿಸಲು ಅವರ ಊರಲ್ಲಿ ಏನಿತ್ತೋ, ಅದು ಊರಿನ ಜೊತೆಗೇ ಮುಳುಗಿತ್ತು. ಮೊದಲ ದಿನ ಸುಮ್ಮನೆ ಆಕಾಶ ನೋಡುತ್ತ ಕುಳಿತಿದ್ದರು. ಗುರುಪಾದಯ್ಯನವರು ಹೋಗಿ ನೋಡಿ ಬಂದು, ನಮಗೆಷ್ಟೋ ಅವರಿಗೂ ಅಷ್ಟೇ ಕೊಟ್ಟರು. ಮರುದಿನ ಹೊಸ ಓಣಿಯಲ್ಲಿ ಹೆಂಗಸರು ಜಗಳವಾಡುವುದು ಕೇಳಿಸಿತು. ಒಳ್ಳೆಯದಾಯಿತು ಎಂದು ನಾವೂ ಅಂದುಕೊಂಡೆವು.

ಜನ ನಿಲ್ಲತೊಡಗಿದ್ದು ಯಾವಾಗಿನಿಂದ ಎಂದು ಸರಿಯಾಗಿ ಹೇಳಲಾರೆ. ಯಾಕೆಂದರೆ ನಿಂತವರಿಗೆ ತಾವು ನಿಂತದ್ದು ತಿಳಿಯುವುದಿಲ್ಲ. ನನ್ನ ಹೆಂಡತಿ ಫಕೀರವ್ವ ಹಾಲು ಒಲೆಯ ಮೇಲಿಟ್ಟು ಎದುರಿಗೇ ನಿಂತಿದ್ದಳಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲು ಉಕ್ಕಿ, ಒಲೆ ಆರಿ, ನೆಲ ಒಣಗಿ, ಇರುವೆ ಮುತ್ತಿಬಿಟ್ಟಿದ್ದವು. ಯಾರೋ ಬಂದು ಚೆಲ್ಲಿ ಹೋಗಿದ್ದಾರೆ ಎಂದು ಅವಳು ನೆರೆಮನೆಯವರ ಮೇಲೆ ಕೂಗಾಡಿದಳು. ನೆರೆಮನೆಯವಳು ಪೊರಕೆ ಹಿಡಿದು ಬಗ್ಗಿದವಳು ಬಗ್ಗಿದಂತೆಯೇ ಇದ್ದಳು, ಮರುಮಾತು ಆಡಲಿಲ್ಲ. ಇವಳ ಸಿಟ್ಟು ಇನ್ನೂ ಹೆಚ್ಚಾಯಿತು. ನಿಂತವರು ಉಸಿರಾಡುತ್ತಾರೆ, ಮೈ ಬೆಚ್ಚಗಿರುತ್ತದೆ, ಬಾಯಲ್ಲಿದ್ದ ಎಲೆಯಡಿಕೆ ಬಾಯಲ್ಲೇ ಇರುತ್ತದೆ. ಕೋರಿನ ಪಾಳಿ ಬಂದ ಕೂಡಲೇ ಬಿಟ್ಟಲ್ಲಿಂದಲೇ ಶುರು.

ಸ್ವಲ್ಪ ದಿನಕ್ಕೆ ಇದೂ ರೂಢಿಯಾಯಿತು. ಬಾವಿಗೆ ಯಾರೂ ಒಬ್ಬರೇ ಹೋಗುತ್ತಿರಲಿಲ್ಲ. ತಾಯಂದಿರು ನಡೆಯುವ ಮಕ್ಕಳನ್ನೂ ಸೊಂಟಕ್ಕೆ ಸೆರಗಿನಿಂದ ಕಟ್ಟಿಕೊಂಡರು. ಕ್ಷೌರದ ಅಂಗಡಿಯವನು ಕುತ್ತಿಗೆಗೆ ಕತ್ತಿ ಹಿಡಿಯುವುದನ್ನೇ ಬಿಟ್ಟು ಬರೀ ಕತ್ತರಿ ಆಡಿಸುತ್ತಿದ್ದ. ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಅವರನ್ನು ಬಿಸಿಲಿನಿಂದ ನೆರಳಿಗೆ ಸರಿಸುವುದು ಮರ್ಯಾದೆ ಎನಿಸಿತು. ಹಾಗೆ ಸರಿಸಿದವರಿಂದಲೇ ಗೊಂದಲ ಹೆಚ್ಚಾಯಿತೆಂದೂ ಹೇಳಬೇಕು. ಅಂಚೆ ಕಚೇರಿಯ ಮುಂದೆ ನಡೆಯುತ್ತಿದ್ದವನು ಒಮ್ಮೆಲೇ ಹುಣಸೆ ಮರದ ಕೆಳಗೆ ಇದ್ದರೆ, ತಾನು ಹೊರಟದ್ದು ಎಲ್ಲಿಗೆ ಎಂದು ಅವನು ಯಾರನ್ನು ಕೇಳಬೇಕು? ಹೊತ್ತು ಎಷ್ಟಾಯಿತೆಂದು ಕೇಳುವುದನ್ನು ಜನ ಬಿಟ್ಟರು. ‘ಬಂದ್ಯಾ?’ ಎಂದು ಕೇಳುವುದು ಶುರುವಾಯಿತು.

ನಿಲ್ಲುವುದರ ಜೊತೆಗೆ ಮರೆವೂ ಬಂತು. ಕಿವಿಗಳ ಹಿಂದೆ ಬಲೂನು ಉಬ್ಬಿದಂತಾಗುತ್ತದೆ, ಆಗ ಬಳಸದೆ ಬಿದ್ದಿರುವ ನೆನಪೊಂದು ಜಾರಿ ಸರ್ವರಿನ ಕೆಳಗಿನ ಹಗೇವಿಗೆ ಹೋಗುತ್ತದೆ. ಜೋಳ ತುಂಬಿಡುವ ಹಗೇವಿನಂತೆಯೇ ಅದು ಆಳ. ಹಾಕುವುದು ಸುಲಭ, ತೆಗೆಯುವುದು ನಿಧಾನ. ಫಕೀರವ್ವನಿಗೆ ಅವಳ ತಾಯಿಯ ಹೆಸರು ಒಂದು ಮುಂಜಾನೆ ಹೋಯಿತು. ಮರುದಿನ ಮಧ್ಯಾಹ್ನ ಚಟ್ನಿ ಅರೆಯುವಾಗ ತಿರುಗಿ ಬಂತು. ಅವಳು ಗುಂಡುಕಲ್ಲು ಬಿಟ್ಟು ಆ ಹೆಸರನ್ನು ಗಟ್ಟಿಯಾಗಿ ಹೇಳಿ, ಖಾರದ ಕೈಯಿಂದಲೇ ಕಣ್ಣೊರೆಸಿಕೊಂಡಳು.

ನಮ್ಮ ಮಗಳು ಮಾಳವ್ವನ ಮದುವೆ ಆದದ್ದು ಇಂಥ ದಿನಗಳಲ್ಲಿ. ಹುಡುಗ ಹೊಸ ಓಣಿಯವನು, ಸಿದ್ರಾಮ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ. ಅವರಿಬ್ಬರೂ ಒಪ್ಪಿಕೊಂಡದ್ದು ನನಗೆ ಬಹಳ ತಡವಾಗಿ ತಿಳಿಯಿತು. ಬೇಡ ಅನ್ನಲು ನನಗೆ ಕಾರಣ ಸಿಗಲಿಲ್ಲ, ಇದ್ದ ಕಾರಣಗಳೂ ಹಗೇವಿಗೆ ಹೋಗಿದ್ದವೋ ಏನೋ. ಮಗಳ ಮದುವೆಯಲ್ಲಿ ಅಪ್ಪನೇ ಊದುತ್ತ ನಿಂತರೆ ಧಾರೆ ಎರೆಯುವವರು ಯಾರು ಎಂದು ಫಕೀರವ್ವ ಗೊಣಗಿದಳು. ಬೀಗರನ್ನು ಎದುರುಗೊಳ್ಳುವ ತನಕ ಮಾತ್ರ ಎಂದು ಅವಳನ್ನು ಒಪ್ಪಿಸಿ, ಕ್ಲಾರ್ನೆಟ್ ಹಿಡಿದು ಹೊಸ ಓಣಿಯ ಬಾಯಿಗೆ ಹೋದೆ. ಎಲ್ಲರೂ ಸಾಲಾಗಿ ನಿಂತೆವು. ಕಾಶೀಮ ತಾಳ ಕೊಟ್ಟ. ನಾನು ಮೊದಲ ಸ್ವರ ಹಿಡಿದೆ, ಬಿಟ್ಟೆ.

ಆ ಸ್ವರವನ್ನು ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ನಡುವೆ ನನ್ನ ಮಟ್ಟಿಗೆ ಏನೂ ಆಗಿಲ್ಲ. ಆದರೆ ಬಿಟ್ಟಾಗ ನನ್ನ ತಲೆಯ ಮೇಲೆ ಒದ್ದೆ ಟವೆಲ್ಲು ಇತ್ತು. ನೆರಳು ಎಡಗಡೆಯಿಂದ ಬಲಗಡೆಗೆ ಬಂದಿತ್ತು. ಓಣಿಯಲ್ಲಿ ಬೀಗರಿರಲಿಲ್ಲ, ಉಂಡ ಎಲೆಗಳನ್ನು ನಾಯಿಗಳು ಎಳೆದಾಡುತ್ತಿದ್ದವು. ಬ್ಯಾಂಡಿನವರೆಲ್ಲರ ಕೋರುಗಳನ್ನು ಗಂಟು ಹಾಕಿದ್ದರಲ್ಲ, ನುಡಿಸಲು ನಿಂತಾಗ ಎಲ್ಲರಿಗೂ ಒಟ್ಟಿಗೇ ಪಾಳಿ ಬರುವ ತನಕ ಒಬ್ಬನೂ ಅಲುಗಲಾರ. ಊರಿನ ಸರ್ವರಿನಲ್ಲಿ ಅಷ್ಟು ಕೋರು ಒಮ್ಮೆಗೇ ಖಾಲಿಯಾಗುವುದು ಸಂಜೆಯ ಹೊತ್ತಿಗೆ. ನಾನು ಮದುವೆ ಮನೆಗೆ ಓಡಿ ಹೋದಾಗ ಮಾಳವ್ವ ತಾಳಿ ಕಟ್ಟಿಸಿಕೊಂಡು ಮೂಲೆಯಲ್ಲಿ ಕುಳಿತು ಉಣ್ಣುತ್ತಿದ್ದಳು. ಧಾರೆಯನ್ನು ಫಕೀರವ್ವನ ಅಣ್ಣ ಎರೆದಿದ್ದ. ಮದುವೆ ಆಯಿತೇ ಎಂದು ಕೇಳಿದೆ. ಆಯಿತು ಎಂದಳು. ಆಮೇಲೆ ಅವಳು ತನ್ನ ಎಲೆಯಲ್ಲಿದ್ದ ಹೋಳಿಗೆ ಮುರಿದು ನನ್ನ ಬಾಯಿಗಿಟ್ಟಳು.

ಹೀಗೆ ನಿಲ್ಲುವುದರಲ್ಲಿ ನಮಗಿಂತ ಮುಂದಿದ್ದವನು ಕಿರಾಣಿ ಸಾವ್ಕಾರ ಮಲಕಾಜಪ್ಪ. ಜನ ನಿಲ್ಲುವುದು ಶುರುವಾದ ಕೂಡಲೇ ಅವನು ಹೋಗಿ ತನಗೆ ಒಂದು ಕೋರು ಸಾಲದು, ನಾಲ್ಕು ಬೇಕು ಎಂದು ಹಟ ಹಿಡಿದು ತೆಗೆದುಕೊಂಡಿದ್ದ. ಅಂದಿನಿಂದ ಮೆಣಸಿನಕಾಯಿ ಚೀಲದಲ್ಲಿ ಕೈಯಿಟ್ಟರೆ ಅರ್ಧ ದಿನ ಹಾಗೇ ಇರುತ್ತಿದ್ದ. ಗಿರಾಕಿಗಳು ತಾವೇ ತೂಗಿಕೊಂಡು ಹೋಗುತ್ತಿದ್ದರು. ನಾಲ್ಕೂ ಒಟ್ಟಿಗೆ ಸಿಗುವ ತನಕ ಅವನ ತಲೆ ಓಡುವುದಿಲ್ಲ ಎಂದು ಗುರುಪಾದಯ್ಯನವರು ಎಷ್ಟು ಬಿಡಿಸಿ ಹೇಳಿದರೂ ಅವನಿಗೆ ತಿಳಿಯಲಿಲ್ಲ. ಹಾಗಾದರೆ ಎಂಟು ಕೊಡಿ ಎಂದನಂತೆ. ನಗಬೇಡಿ, ನನಗೂ ಆಗ ತಿಳಿದಿರಲಿಲ್ಲ.

ಕೊನೆಗೆ ಗಿರಣಿಯ ಅಂಗಳದಲ್ಲಿ ಊರು ಸೇರಿತು. ಮಾಳವ್ವ ತುಂಬಿದ ಬಸುರಿ, ಗಂಡನ ಜೊತೆಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಕಾಶೀಮ ಎದ್ದು ಮಾತಾಡಿದ. ಅವನು ಕೆಟ್ಟವನಲ್ಲ. ಬ್ಯಾಂಡು ನಿಂತು ಅವನ ಕೈ ಬರಿದಾಗಿತ್ತು, ಡ್ರಮ್ಮಿನ ಮೇಲೆ ಅವನ ಹೆಂಡತಿ ಹಪ್ಪಳ ಒಣಹಾಕುತ್ತಿದ್ದಳು. ಹೊಸ ಓಣಿಯವರು ಬರುವ ಮೊದಲು ಈ ಊರಲ್ಲಿ ಯಾರೂ ನಿಂತಿರಲಿಲ್ಲ, ಅವರ ಪಾಲನ್ನು ತಿರುಗಿ ತೆಗೆದುಕೊಂಡರೆ ಎಲ್ಲ ಮೊದಲಿನಂತಾಗುತ್ತದೆ ಎಂದ. ಹಾಗೆ ತೆಗೆದರೆ ಅವರೇನಾಗುತ್ತಾರೆ ಎಂದು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಒಪ್ಪಿದವರು ಕೈ ಎತ್ತಿ ಎಂದರು. ಕೆಲವರು ಎತ್ತಿದರು, ಎತ್ತಿದವರಲ್ಲಿ ಕೆಲವರು ಹಾಗೇ ನಿಂತರು. ನಿಜವಾಗಿ ಒಪ್ಪಿದವರು ಯಾರು, ತಲೆ ಕೆರೆದುಕೊಳ್ಳಲು ಕೈ ಎತ್ತಿದವರು ಯಾರು ಎಂದು ಎಣಿಸಲಾಗಲಿಲ್ಲ. ಮಾಳವ್ವ ನನ್ನ ಕಡೆ ನೋಡಿದಳು. ನಾನು ಮಾತಾಡಲು ಎದ್ದೆ, ಬಾಯಿ ತೆರೆದೆ. ಮುಚ್ಚುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು, ಒಂದು ಆಡು ನನ್ನ ಧೋತರದ ಚುಂಗನ್ನು ಜಗಿಯುತ್ತಿತ್ತು. ಮುಂದಿನ ಸಂತೆಯ ದಿನ ಮತ್ತೆ ಸೇರುವುದೆಂದು ತೀರ್ಮಾನವಾಯಿತಂತೆ.

ಸಂತೆ ಬರುವ ಮೊದಲೇ ಮಾಳವ್ವನಿಗೆ ಬೇನೆ ಬಂತು. ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಬೆಳಗಿನ ಹೊತ್ತು. ಸೂಲಗಿತ್ತಿ ಹಸೀನಾಬಿ ಜಾಣೆ. ತಾನು ನಿಂತರೆ ಕೆಲಸ ಮುಂದುವರಿಸಲೆಂದು ಸೊಸೆಯನ್ನೂ ಕರೆತಂದಿದ್ದಳು. ಅವರಿಬ್ಬರೂ ಒಬ್ಬರಾದ ಮೇಲೆ ಒಬ್ಬರು ನಿಂತರೂ ಇಬ್ಬರೂ ಒಟ್ಟಿಗೆ ನಿಲ್ಲಲಿಲ್ಲ, ನಮ್ಮ ಪುಣ್ಯ. ಬಾಗಿಲ ಹೊರಗೆ ನಾನೂ ಸಿದ್ರಾಮನೂ ಕುಳಿತಿದ್ದೆವು. ಮಾಳವ್ವ ಕೂಗುವುದು ನಿಂತಿತು. ಅವಳಿಗೆ ಬೇನೆ ಕಡಿಮೆಯಾಯಿತೋ ಅವಳೇ ನಿಂತಳೋ, ಅಥವಾ ನಾನೇ ನಿಂತೆನೋ ಎಂದು ನಾನು ಅಳಿಯನ ಮುಖ ನೋಡಿದೆ. ಅವನೂ ನನ್ನನ್ನು ಅದನ್ನೇ ಕೇಳುವಂತೆ ನೋಡುತ್ತಿದ್ದ. ಆಗ ಹಸೀನಾಬಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು.

ಹೆಣ್ಣುಮಗು. ಮೈ ಕೆಂಪಗಿತ್ತು, ಬೆಚ್ಚಗಿತ್ತು, ಎದೆ ಏರಿಳಿಯುತ್ತಿತ್ತು. ಕಣ್ಣು ತೆರೆದೇ ಇದ್ದವು, ಆದರೆ ಅವು ಏನನ್ನೂ ನೋಡುತ್ತಿರಲಿಲ್ಲ. ಅಳಲಿಲ್ಲ. ತುಟಿಗೆ ಬೆರಳು ಮುಟ್ಟಿಸಿದರೆ ಬಾಯಿ ಕದಲಲಿಲ್ಲ.

“ಕೂಸು ಜೀವಂತ ಐತಿ,” ಎಂದಳು ಹಸೀನಾಬಿ. “ಚಾಲೂ ಆಗಿಲ್ಲ.”

ಇಂಥದ್ದನ್ನು ಅವಳು ಹಿಂದೆ ಕಂಡಿದ್ದಳೇ ಎಂದು ಕೇಳಿದೆ. ಇಲ್ಲ ಎಂದಳು. ಮೊಲೆ ಚೀಪದ ಕೂಸು ಎಷ್ಟು ಹೊತ್ತು ತಡೆದೀತು ಎಂದು ನಾನು ಕೇಳಲಿಲ್ಲ. ಅವಳ ಮುಖದಲ್ಲೇ ಇತ್ತು. ಸಿದ್ರಾಮ ತಾನು ಹೋಗುತ್ತೇನೆಂದು ಎದ್ದ, ಎದ್ದವನು ಹಾಗೇ ನಿಂತುಬಿಟ್ಟ. ನಾನು ಗಿರಣಿಗೆ ಓಡಿದೆ.

ಓಡಿದ್ದು ನೆನಪಿದೆ. ಆಮೇಲೆ ನಾನು ಚಹಾದ ಅಂಗಡಿಯ ಬಾಕಿನ ಮೇಲೆ ಕುಳಿತಿದ್ದೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಏದುಸಿರು ಬರುತ್ತಿತ್ತು. ಎದೆಯಲ್ಲಿ ಏನೋ ದೊಡ್ಡದು ಒತ್ತುತ್ತಿತ್ತು, ಅದೇನೆಂದು ಮಾತ್ರ ತಿಳಿಯದು. ಎಲ್ಲಿಗೋ ಹೊರಟಿದ್ದೇನೆ, ಬೇಗ ಹೋಗಬೇಕು, ಅಷ್ಟೇ. ಕಿವಿಯ ಹಿಂದೆ ಬಲೂನು ಗಟ್ಟಿಯಾಗಿ ಉಬ್ಬಿತ್ತು. ಅಂಗಡಿಯವನು ಚಹಾ ಕೊಟ್ಟ, ಕುಡಿದೆ. ಬ್ಯಾಂಡಿಗೆ ಯಾರೋ ಹೇಳಿಕಳಿಸಿದ್ದಾರೆಯೇ? ಮನೆಯಲ್ಲಿ ಬೆಲ್ಲ ಮುಗಿದಿದೆಯೇ? ಎದುರಿಗೆ ಮಲಕಾಜಪ್ಪ ಚೀಲದಲ್ಲಿ ಕೈಯಿಟ್ಟು ನಿಂತಿದ್ದ, ಅವನನ್ನೇ ನೋಡುತ್ತ ಕುಳಿತೆ. ಇನ್ನೊಂದು ಚಹಾ ಹೇಳಿದೆನೆಂದು ಕಾಣುತ್ತದೆ, ಯಾಕೆಂದರೆ ಕೂಸಿನ ಕಣ್ಣು ಹಗೇವಿನಿಂದ ಮೇಲೆ ಬಂದಾಗ ನನ್ನ ಕೈಯಲ್ಲಿ ತುಂಬಿದ ಕಪ್ಪು ಇತ್ತು. ಅದನ್ನು ಎಲ್ಲಿಟ್ಟೆನೋ, ಮತ್ತೆ ಓಡಿದೆ. ಕೂಸು, ಕೂಸು, ಕೂಸು ಎಂದು ಬಾಯಲ್ಲಿ ಅನ್ನುತ್ತಲೇ ಓಡಿದೆ, ಬಿಟ್ಟರೆ ಮತ್ತೆ ಜಾರೀತೆಂದು.

ಗುರುಪಾದಯ್ಯನವರು ಸರ್ವರಿನ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು. ಫ್ಯಾನುಗಳ ಗದ್ದಲದಲ್ಲಿ ನಾನು ಕೂಗಿ ಹೇಳಬೇಕಾಯಿತು. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೆಳಿಗ್ಗೆ ಹುಟ್ಟಿದ್ದು ಸರ್ವರಿನಲ್ಲಿ ಕಂಡಾಗಿನಿಂದ ಆ ಕೂಸನ್ನು ಚಾಲೂ ಮಾಡಲು ನೋಡುತ್ತಿದ್ದೇನೆ, ಎಲ್ಲೂ ಜಾಗ ಸಿಗುತ್ತಿಲ್ಲ, ದೊಡ್ಡವರು ಹಗೇವಿನ ಮೇಲೆ ಹೇಗೋ ದಿನ ದೂಡಿಯಾರು, ಹೊಸ ಕೂಸಿಗೆ ಮೊದಲ ಹೊತ್ತು ನಿಜವಾದ ಮೆಮೊರಿಯೇ ಬೇಕು ಎಂದರು.

ಹೊಸ ಓಣಿಯವರಿಂದ ಹೀಗಾಯಿತೇ ಎಂದು ಕೇಳಿದೆ. ಅವರ ಬೆರಳು ಟೊಪ್ಪಿಗೆಯ ಮೇಲೆ ಹಾಗೇ ಇತ್ತು. ಅವರೂ ನಿಂತರೇನೋ ಎಂದು ನಾನು ಭುಜ ಮುಟ್ಟಿದೆ.

“ಅವರು ಬಂದಿದ್ದು ಮೊನ್ನೆ,” ಎಂದರು. “ನಿನಗ ಕೊಟ್ಟಾಗಽ ಇರಲಿಲ್ಲೋ ಯಮನಪ್ಪಾ. ಎಲ್ಲಾರೂ ಒಮ್ಮೆಗೇ ಕೇಳೂದಿಲ್ಲ ಅಂತ ಒಬ್ಬರ ಪಾಲನ್ನಽ ಮೂರು ಮಂದಿಗೆ ಕೊಟ್ಟೀನಿ ಅಂತ ಹೇಳ್ಕೋತ ಬಂದೆ. ಇಲ್ಲ ಅನ್ನಾಕ ನನಗ ಬರ್ಲಿಲ್ಲ.”

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ ಏನೋ. ನನ್ನ ಪಾಲು ಎಂದು ನಾನು ಬದುಕಿದ್ದೆಲ್ಲ, ಊದಿದ್ದೆಲ್ಲ, ಯಾರೋ ಆಗ ಬಳಸದೆ ಬಿಟ್ಟ ಜಾಗದಲ್ಲೇ? ನನ್ನ ಕಾಲಕೆಳಗಿನ ನೆಲವನ್ನು ನಾನು ಒಮ್ಮೆ ನೋಡಿಕೊಂಡೆ. ಆಮೇಲೆ, ನನ್ನನ್ನು ಬಂದ್ ಮಾಡಿ ಕೂಸಿಗೆ ಕೊಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. ನನ್ನದರಲ್ಲಿ ಬಹುಪಾಲು ಹಗೇವಿನಲ್ಲೇ ಇದೆ, ಬಂದ್ ಮಾಡಿದರೂ ಕೈಗೆ ಸಿಗುವುದು ಏನೂ ಇಲ್ಲ. ಒಬ್ಬರಿಂದ ಆಗುವುದಲ್ಲ, ಒಂದು ಓಣಿಯಿಂದಲೂ ಆಗುವುದಲ್ಲ. ಇಡೀ ಊರು ಸ್ವಲ್ಪ ಹೊತ್ತು ಏನೂ ನೆನೆಯದೆ, ಏನೂ ಯೋಚಿಸದೆ ಕುಳಿತರೆ, ಎಲ್ಲರ ಹತ್ತಿರವೂ ಚೂರು ಚೂರು ಸಡಿಲವಾಗಿ, ಅದನ್ನು ಕೂಡಿಸಿ ಕೂಸಿಗೆ ಕೊಡಬಹುದು. ಗಿರಣಿಯ ಹಳೆಯ ಸೈರನ್, ಆ ಭೋಂಗಾ, ಒಮ್ಮೆ ಊದಿದಾಗ ಕೂಡಬೇಕು, ಮತ್ತೊಮ್ಮೆ ಊದಿದಾಗ ಏಳಬೇಕು. ಮೊದಲು ನಿಮ್ಮ ಬ್ಯಾಂಡಿನ ಗಂಟು ಬಿಚ್ಚುತ್ತೇನೆ ಎಂದರು. ಬಿಚ್ಚಿ ಎಂದೆ.

ಕಾಶೀಮನ ಮನೆಗೆ ಹೋದೆ. ಅವನು ಕೇಳುತ್ತ ಕೇಳುತ್ತ ಡ್ರಮ್ಮಿನ ಮೇಲಿನ ಹಪ್ಪಳಗಳನ್ನು ಒಂದೊಂದಾಗಿ ಎತ್ತಿ ಮೊರಕ್ಕೆ ಹಾಕಿದ. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ಬ್ಯಾಂಡಿನವರನ್ನೆಲ್ಲ ಕರೆದು ಒಬ್ಬೊಬ್ಬರಿಗೆ ಒಂದೊಂದು ಓಣಿ ಹೇಳಿದ. ಹೊಸ ಓಣಿಗೆ ಮಾತ್ರ ತಾನು ಹೋಗಲಾರೆ, ಅಂಗಳದಲ್ಲಿ ತಾನಾಡಿದ ಮಾತು ಅವರ ಕಿವಿಯಲ್ಲಿ ಇನ್ನೂ ಇದೆ, ನೀನೇ ಹೋಗು ಎಂದ.

ಹೊಸ ಓಣಿಯವರಿಗೆ ನಾನು ಹೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ. ಏನೂ ಯೋಚಿಸದೆ ಕಣ್ಣು ಮುಚ್ಚಿ ಕುಳಿತುಕೊಳ್ಳಿ ಎಂದು, ತಮ್ಮ ಪಾಲು ಕಸಿಯಬೇಕೆಂದು ಕೈ ಎತ್ತಿದ ಊರಿನವನೊಬ್ಬ ಬಂದು ಹೇಳಿದರೆ ಯಾರು ನಂಬಬೇಕು? ಗಂಡಸರು ಬಾಗಿಲು ದಾಟಿ ಬರಲಿಲ್ಲ. ಸಿದ್ರಾಮನ ತಾಯಿ ತುಂಗವ್ವ ಮುಂದೆ ಬಂದಳು. ಎತ್ತರದ ಹೆಂಗಸು, ಮಾತು ಕಡಿಮೆ. ಕೂಸಿನ ಸುದ್ದಿಯನ್ನು ಎರಡು ಸಲ ಕೇಳಿಕೊಂಡಳು.

“ಕೂಸು ನಂದೂ ಹೌದು,” ಎಂದಳು. “ಆದ್ರ ಇವರ ಕಣ್ಣು ಮುಚ್ಚಿದ ಮ್ಯಾಲೆ ತಿರುಗಿ ತೆರೀತಾವ ಅಂತ ನಾ ಹ್ಯಾಂಗ ಹೇಳ್ಲಿ, ಬೀಗ್ರೇ?”

ಗುರುಪಾದಯ್ಯ ಒಳ್ಳೆಯವರು ಎನ್ನಬಹುದಿತ್ತು. ಒಳ್ಳೆಯತನದಿಂದಲೇ ನಾವು ಇಲ್ಲಿಗೆ ಬಂದು ಮುಟ್ಟಿದ್ದೆವು. ನಾನು ಇನ್ನೊಂದು ಕಾಲಿನ ಚಪ್ಪಲಿಯನ್ನೂ ಬಿಟ್ಟು, ಅವರ ಓಣಿಯ ನಡುಮಧ್ಯೆ ಮಣ್ಣಿನಲ್ಲಿ ಕುಳಿತೆ. “ನಾನೂ ಇಲ್ಲೇ ಕುಂಡರ್ತೀನ್ರಿ,” ಎಂದೆ. “ನಿಮಗೇನಾಗ್ತೈತಿ ನನಗೂ ಅದಽ ಆಗ್ಲಿ.” ಮಗಳ ಹತ್ತಿರ ಹೋಗಬೇಕೆಂದು ಜೀವ ಎಳೆಯುತ್ತಿತ್ತು. ತುಂಗವ್ವ ನನ್ನನ್ನು ನೋಡಿದಳು. ಸೆರಗು ಬಿಗಿದು ನನ್ನ ಎದುರಿಗೆ ಕುಳಿತಳು. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಭೋಂಗಾ ಊದಿತು.

ಏನೂ ಯೋಚಿಸದಿರುವುದು ಎಷ್ಟು ಕಷ್ಟ ಎಂದು ಅಂದೇ ತಿಳಿದದ್ದು. ಕಣ್ಣು ಮುಚ್ಚಿದರೆ ಕೂಸು, ತೆರೆದರೆ ತುಂಗವ್ವ. ಪಕ್ಕದವನ ಹೊಟ್ಟೆ ಗುರುಗುಟ್ಟಿತು. ಚಹಾದ ಕಪ್ಪನ್ನು ಎಲ್ಲಿಟ್ಟೆ ಎಂಬುದು ತಲೆಯಲ್ಲಿ ತಿರುಗಿತು. ಬೇಡ ಎಂದಷ್ಟೂ ಹೆಚ್ಚಾಯಿತು. ದೂರದ ಓಣಿಗಳಿಂದ ಕೆಮ್ಮು, ಪಿಸುಮಾತು. ಇಷ್ಟು ಜನ ಒಟ್ಟಿಗೆ ಸುಮ್ಮನಿರಲು ಹೆಣಗುತ್ತಿರುವ ಸದ್ದು ಅದು. ನನ್ನಂಥವರಿಂದಲೇ ಕೂಸು ಹೋಗುತ್ತದೆ ಎಂದು ಹೆದರಿಕೆಯಾಯಿತು, ಆ ಹೆದರಿಕೆಯೂ ಒಂದು ಯೋಚನೆಯೇ ಅಲ್ಲವೇ ಎಂದು ಇನ್ನಷ್ಟು ಹೆದರಿದೆ.

ಆಗ ತುಂಗವ್ವ ಕಣ್ಣು ಮುಚ್ಚಿಕೊಂಡೇ ತನ್ನವರಿಗೆ ಹೇಳಿದಳು. “ನೀರು ಮ್ಯಾಲೆ ಬರೂದು ನೋಡ್ಕೋತ ಗುಡ್ಡದ ಮ್ಯಾಲೆ ಕುಂತಿದ್ವಲ್ಲ, ಹಂಗ ಕುಂಡರ್ರಿ.”

ಓಣಿಯೆಲ್ಲ ಒಮ್ಮೆಗೇ ಸಡಿಲವಾಯಿತು. ನನ್ನ ಸುತ್ತ ಅಷ್ಟೂ ಜನರ ಭುಜಗಳು ಇಳಿದವು. ನಾನು ಆ ನೀರನ್ನು ಕಂಡವನಲ್ಲ. ಆದರೆ ಅವರ ನಡುವೆ ಕುಳಿತಿದ್ದರಿಂದಲೋ ಏನೋ, ನನಗೂ ನೀರು ಕಂಡಿತು. ಮಣ್ಣುಬಣ್ಣದ್ದು, ಅವಸರವಿಲ್ಲದ್ದು. ಮೊದಲು ದನದ ಕೊಟ್ಟಿಗೆ, ಆಮೇಲೆ ಕಟ್ಟೆ. ನನ್ನ ಬಾಯಲ್ಲಿ ಸದಾ ಇರುತ್ತಿದ್ದ ಒಂದು ಧಾಟಿ, ನಮ್ಮಪ್ಪ ಕಲಿಸಿದ್ದು, ತೇಲುತ್ತ ಹೋಯಿತು. ಹಿಡಿಯಲು ಕೈ ಚಾಚಲಿಲ್ಲ.

ಎರಡನೆಯ ಭೋಂಗಾ ಊದಿದಾಗ ಬಿಸಿಲು ಇಳಿದಿತ್ತು. ನನ್ನ ತೊಡೆಯ ಮೇಲೆ ಬೇರೆ ಯಾರದೋ ಕೋಳಿ ಕುಳಿತಿತ್ತು. ಎಲ್ಲರೂ ಕಣ್ಣು ತೆರೆದರು, ಒಬ್ಬರನ್ನೊಬ್ಬರು ಮುಟ್ಟಿ ನೋಡಿದರು. ಒಬ್ಬನೂ ಕಡಿಮೆಯಾಗಿರಲಿಲ್ಲ. ತುಂಗವ್ವನೂ ನಾನೂ ಮಾತಿಲ್ಲದೆ ಎದ್ದು ನಮ್ಮ ಮನೆಯ ಕಡೆ ನಡೆದೆವು. ಆಮೇಲೆ ಓಡಿದೆವು. ಮನೆಯ ತಿರುವಿನಲ್ಲೇ ಕೇಳಿಸಿತು. ಗಂಟಲು ಬತ್ತಿ ಕರ್ಕಶವಾದ ಅಳು, ಬಹಳ ಹೊತ್ತಿನಿಂದ ಅಳುತ್ತಿರುವ ಕೂಸಿನದು.

ಎಷ್ಟು ಹೊತ್ತಿನಿಂದ? ಯಾರಿಗೂ ಗೊತ್ತಿಲ್ಲ. ಮಾಳವ್ವ, ಫಕೀರವ್ವ, ಹಸೀನಾಬಿ, ಸಿದ್ರಾಮ ಎಲ್ಲರೂ ಊರಿನ ಜೊತೆ ಸುಮ್ಮನೆ ಕುಳಿತವರೇ. ಕೂಸು ಅಳತೊಡಗಿದಾಗ ಅದನ್ನು ಕೇಳುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಎಚ್ಚರವಿದ್ದ ಗುರುಪಾದಯ್ಯನವರಿಗೆ ಫ್ಯಾನುಗಳ ಸದ್ದು. ಮೂರು ಸಲ ಗುಂಡಿ ಒತ್ತಿದೆ, ಯಾವುದಕ್ಕೆ ಚಾಲೂ ಆಯಿತೋ ತಿಳಿಯಲಿಲ್ಲ ಎಂದರು. ಜಾತಕ ಬರೆಯಬೇಕೆಂದು ಫಕೀರವ್ವ ಮನೆಮನೆಗೆ ಹೋಗಿ ಕೇಳಿದಳು. ಅಳು ಕೇಳಿಸಿತು ಎಂದು ಹತ್ತಾರು ಜನ ಹೇಳಿದರು, ಒಬ್ಬರ ಹೊತ್ತು ಒಬ್ಬರಿಗೆ ಹೊಂದಲಿಲ್ಲ. ಜಾತಕವಿಲ್ಲದೆಯೇ ಹೆಸರಿಟ್ಟೆವು, ತುಂಗಾ ಎಂದು. ಮಾಳವ್ವನದೇ ಆಯ್ಕೆ.

ಸಂತೆಯ ದಿನ ಊರು ಮತ್ತೆ ಸೇರಿತು. ಗುರುಪಾದಯ್ಯನವರು ಇದ್ದದ್ದೆಷ್ಟು, ಹಂಚಿದ್ದೆಷ್ಟು ಎಂದು ಎಲ್ಲರೆದುರು ಹೇಳಿದರು. ಕೆಲವರು ಅವರನ್ನು ಬೈದರು. ಹಾಗಾದರೆ ತಾವೂ ಇಲ್ಲದ್ದರಲ್ಲೇ ಇದ್ದವರು ಎಂದು ಹೊಳೆದ ಮೇಲೆ ಯಾರ ಪಾಲು ತೆಗೆಯಬೇಕೆಂಬ ಮಾತು ಮುಂದುವರಿಯಲಿಲ್ಲ. ಮಲಕಾಜಪ್ಪ ಮೂರು ಕೋರು ತಿರುಗಿ ಕೊಟ್ಟ. ಈಗ ಅಂಗಡಿಯಲ್ಲಿ ಚುರುಕಾಗಿದ್ದಾನೆ, ಯಾಕೆಂದು ಅವನಿಗೆ ಇನ್ನೂ ತಿಳಿದಿಲ್ಲ. ಊಟವಾದ ಮೇಲೆ ಊರು ದಿನಾ ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತದೆ. ನಿಲ್ಲುವುದು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಬ್ಯಾಂಡಿನವರು ಗಂಟಿಲ್ಲದೆ ನುಡಿಸುತ್ತೇವೆ. ಒಬ್ಬ ಮುಂದೆ, ಒಬ್ಬ ಹಿಂದೆ, ಜನ ಸಹಿಸಿಕೊಳ್ಳುತ್ತಾರೆ. ನಮ್ಮಪ್ಪನ ಧಾಟಿ ತಿರುಗಿ ಬರಲಿಲ್ಲ. ಅಂಥದ್ದೊಂದು ಇತ್ತೆಂಬುದಷ್ಟೇ ನೆನಪಿದೆ, ಅದೂ ಕಾಶೀಮ ಹೇಳಿದ್ದರಿಂದ.

ತುಂಗಾಳ ಪಾಲನ್ನು ಗುರುಪಾದಯ್ಯನವರು ಅಂದೇ ಕಾಯಂ ಮಾಡಿದರು. ಅದನ್ನು ಯಾರಿಗೂ ಎರವಲು ಕೊಡುವಂತಿಲ್ಲ, ಹಗೇವಿಗೆ ಇಳಿಸುವಂತಿಲ್ಲ. ಹಾಗಾಗಿ ಆ ಮಗು ನಿಂತದ್ದನ್ನು ಯಾರೂ ಕಂಡಿಲ್ಲ. ಈಗ ಅವಳು ಓಡಾಡುವಷ್ಟು ದೊಡ್ಡವಳು. ಮೊನ್ನೆ ಅವಳನ್ನು ಸಂತೆಗೆ ಕರೆದುಕೊಂಡು ಹೋಗಿದ್ದೆ. ಕಿರುಬೆರಳು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದವಳು ಒಮ್ಮೆಲೇ ದೂರದಲ್ಲಿ, ಬಳೆಗಾರ್ತಿಯ ಬುಟ್ಟಿಯ ಹತ್ತಿರ ಕಂಡಳು. ಎರಡೂ ಕೈಯಲ್ಲಿ ಹೊಸ ಬಳೆ. ನನ್ನ ಸುತ್ತ ಬಂದುಹೋಗುವ ಜನ ಬೇರೆಯಾಗಿದ್ದರು, ನನ್ನ ಕೈಚೀಲ ನೆಲದ ಮೇಲಿತ್ತು. ನಾನು ಬಗ್ಗಿ ಚೀಲ ಎತ್ತಿಕೊಳ್ಳುವಷ್ಟರಲ್ಲಿ ಓಡಿ ಬಂದಳು. ಎಷ್ಟು ಹೊತ್ತು ನಿಂತಿದ್ದೆ ಎಂದು ಅವಳನ್ನು ಕೇಳಿದೆ. ಅವಳು ನನ್ನ ಧೋತರದ ಮೇಲಿನ ಧೂಳನ್ನು ಕೊಡವಿದಳು.

“ನೀ ನಿಂತಿರ್ಲಿಲ್ಲಜ್ಜಾ,” ಎಂದಳು. “ನಾನಽ ಮುಂದ ಓಡಿ ಹೋಗಿದ್ದೆ.”

ನಿಜವಿರಬಹುದು. ಅವಳ ಕೈಯ ಬಳೆಗಳನ್ನು ಎಣಿಸಿದಂತೆ ಮಾಡಿ, ಕಿರುಬೆರಳು ಕೊಟ್ಟೆ.